ನಲ್ಲಿಯ ವಾಷರಿನಿಂದ ರೇಡಿಯೋ

ನಮ್ಮ ಆಳಂದ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹವ್ಯಾಸಿ ರೇಡಿಯೋ ಚರಿತ್ರೆಗೂ ಖಜೂರಿಯವರು ಅತ್ತಲೇ ನೋಡುವುದು ಒಳ್ಳೆಯದು. ಬೆಂಗಳೂರಿನ ಹವ್ಯಾಸಿ ಕ್ಲಬ್ಬು 1959ರದು, ನಿಜ. ಆದರೆ ಆಮದು ಯಂತ್ರ ಮೇಷ್ಟ್ರ ಸಂಬಳಕ್ಕೆ ನಿಲುಕುವಂಥದಲ್ಲ. 2003ರಲ್ಲಿ ಹೈದರಾಬಾದಿನ ಅಶ್‌ಹರ್ ಫರ್ಹಾನ್ 'ಬಿಟ್‌ಎಕ್ಸ್' ರೂಪಿಸಿದರು: ಸುಮಾರು 6 ವಾಟ್, 20 ಮೀಟರ್ ತರಂಗಪಟ್ಟಿ. ಸುರುಳಿ ಸುತ್ತಲು ಅವರು ಆರಿಸಿದ್ದು ನಲ್ಲಿಯ ವಾಷರು!

ಯಂತ್ರವೇನೋ ಅಗ್ಗವಾಯಿತು. ಆದರೆ ಏರಿಯಲ್ ಹೊಂದದಿದ್ದರೆ ಶಕ್ತಿ ಮರಳಿ ಬಂದು ಟ್ರಾನ್ಸಿಸ್ಟರ್ ಸುಡಬಹುದು. ಅದಕ್ಕೇ ಟ್ಯೂನರ್. ಕಿಟ್ ತರಿಸಿ ಜೋಡಿಸಿದವರು ಅದರ ಮೀಟರನ್ನು ಪರೀಕ್ಷಿಸಿಯೇ ನಂಬಬೇಕು. ಶಕ್ತಿ ತಾಳಬಲ್ಲ 100 ಓಮ್‌ನ ಎರಡು ಕಾರ್ಬನ್ ರೆಸಿಸ್ಟರುಗಳನ್ನು ಸಮಾಂತರವಾಗಿ ಬೆಸೆದರೆ 50 ಓಮ್. ಟ್ಯೂನರನ್ನು ಬೈಪಾಸಿನಲ್ಲಿಟ್ಟು, ಏರಿಯಲ್ ಜಾಗದಲ್ಲಿ ಇದನ್ನು ಜೋಡಿಸಿ, ಮರಳುವ ಶಕ್ತಿಯ ಮುಳ್ಳು ಸೊನ್ನೆಗಿಳಿಯುವವರೆಗೆ ಪುಟ್ಟ ಟ್ರಿಮ್ಮರ್ ತಿರುಗಿಸಬೇಕು. ಪ್ರಸಾರ ನಿಲ್ಲಿಸಿ ಒಂದು ರೆಸಿಸ್ಟರ್ ಕಳಚಿದರೆ ಉಳಿಯುವುದು 100 ಓಮ್. ಮತ್ತೆ ಚಾಲೂ ಮಾಡಿದಾಗ ಮುಳ್ಳು ನಿಂತಲ್ಲಿ '2ಕ್ಕೆ 1' ಎಂದು ಗುರುತು ಹಾಕಿ.

ದುಬಾರಿ ಉಪಕರಣವೇನೂ ಬೇಡ, ಹತ್ತನೇ ತರಗತಿಯ ಓಮನ ನಿಯಮ ಸಾಕು. ಪ್ರಸಾರಕ್ಕೆ ಮಾತ್ರ ಸರ್ಕಾರದ ಪರವಾನಗಿ ಬೇಕು. ಅದರ ಪರೀಕ್ಷೆಯಲ್ಲೂ ಕೇಳುವುದು ಇದೇ ಓಮನ ನಿಯಮವನ್ನೇ.