ಇ-ರೀಡರಿನ ಪೂರ್ವೋತ್ತರವೂ ಆಯ್ಕೆಯ ವಿವೇಕವೂ

ವಾಚಕ ಮಹಾಶಯರಲ್ಲಿ ಅನೇಕರ ಮನೆಗಳಲ್ಲಿ ಈಚೆಗೆ ಒಂದು ಪ್ರಶ್ನೆಯು ಹುಟ್ಟಿರುವುದನ್ನು ನಾನು ಬಲ್ಲೆನು. ದೂರದ ಊರುಗಳಲ್ಲಿರುವ ಮಕ್ಕಳು ಹಬ್ಬಕ್ಕೆ ಬಂದಾಗ, ತಂದೆಗೆ ದಪ್ಪ ಪುಸ್ತಕವನ್ನು ಹಿಡಿಯುವುದು ಕಷ್ಟವಾಗಿದೆ, ಸಣ್ಣ ಅಕ್ಷರವು ಕಾಣುವುದಿಲ್ಲ, ಒಂದು ಇ-ರೀಡರನ್ನು ಕೊಡಿಸಿಬಿಡೋಣ ಎಂದು ಮಾತನಾಡಿಕೊಳ್ಳುತ್ತಾರೆ. ವಿಚಾರಿಸಿದರೆ ಅವುಗಳಲ್ಲಿ ಹತ್ತಾರು ಬಗೆಗಳುಂಟು. ಒಂದರ ಬೆಲೆ ಕಡಮೆ, ಒಂದರ ತೂಕ ಕಡಮೆ, ಇನ್ನೊಂದು ನೀರಿನಲ್ಲಿ ಬಿದ್ದರೂ ಕೆಡುವುದಿಲ್ಲ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದಕ್ಕೆ ಪ್ರಮಾಣವೇನು? ಬೆಲೆಪಟ್ಟಿಯೇ ಪ್ರಮಾಣವೆಂದು ವ್ಯಾಪಾರಿಗಳು ಹೇಳುವರು. ಈ ವಸ್ತುವಿನ ಚರಿತ್ರೆಯೇ ಪ್ರಮಾಣವೆಂದು ನನ್ನ ಅಭಿಪ್ರಾಯ. ಐವತ್ತು ವರ್ಷಗಳಿಗೆ ಸ್ವಲ್ಪ ಮಿಕ್ಕಿದ ಈ ಚರಿತ್ರೆಯಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ತಲೆಯೆತ್ತಿರುವುವು. ಕೊಂಡ ಪುಸ್ತಕವು ನಿಜವಾಗಿ ಯಾರದು? ಆ ಪುಟದಲ್ಲಿ ನಮ್ಮ ಅಕ್ಷರಗಳಿಗೆ ಸ್ಥಳವುಂಟೆ?

ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ, ಮುಂದೆ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಸಂಸ್ಕೃತಗಳನ್ನು ಹೇಳಿಕೊಟ್ಟು ನಿವೃತ್ತನಾದವನಿಗೆ ಯಂತ್ರಗಳ ವಿಷಯದಲ್ಲಿ ಅಧಿಕಾರವೇನೆಂದು ಯಾರಾದರೂ ಕೇಳಬಹುದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಈ ಯಂತ್ರವೊಂದನ್ನು ಅವಸರದಲ್ಲಿ ಕೊಂಡು ನಾನು ಮೋಸಹೋದವನು. ನನಗಿರುವ ಅಧಿಕಾರವು ಅಷ್ಟೇ. ಆ ಕಥೆಯನ್ನು ಮುಂದೆ ಹೇಳುವೆನು.

ಯಂತ್ರದಲ್ಲಿ ಓದುವ ಪುಸ್ತಕದ ಆರಂಭವನ್ನು 1971ನೆಯ ಇಸವಿ ಜುಲೈ 4ನೆಯ ತಾರೀಖಿನಿಂದ ಎಣಿಸುವುದು ವಾಡಿಕೆ. ಅಮೆರಿಕಾದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಹಾರ್ಟ್ ಎಂಬ ವಿದ್ಯಾರ್ಥಿಗೆ ಅಲ್ಲಿಯ ದೊಡ್ಡ ಕಂಪ್ಯೂಟರನ್ನು ಬಳಸುವ ಅನುಮತಿಯು ದೊರೆಯಿತು. ಆತನು ತನ್ನ ದೇಶದ ಸ್ವಾತಂತ್ರ್ಯಘೋಷಣೆಯನ್ನು ಅದರಲ್ಲಿ ಬೆರಳಚ್ಚು ಮಾಡಿ, ಬೇಕಾದವರು ಪ್ರತಿಯನ್ನು ತೆಗೆದುಕೊಳ್ಳಬಹುದೆಂದು ಪ್ರಕಟಿಸಿದನು. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಪುಸ್ತಕಭಂಡಾರವು ಹುಟ್ಟಿದುದು ಹೀಗೆ. ಇಲ್ಲಿ ಒಂದು ಸಂಗತಿಯು ಗಮನಾರ್ಹವಾಗಿದೆ. ಆ ಮೊದಲನೆಯ ಇ-ಪುಸ್ತಕದಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರಗಳು ಮಾತ್ರ ಇದ್ದುವು. ಸಣ್ಣ ಅಕ್ಷರಗಳಿಗೆ ಆ ಯಂತ್ರದಲ್ಲಿ ಅವಕಾಶವಿರಲಿಲ್ಲ. ಇಂಗ್ಲಿಷಿಗೇ ತನ್ನ ಲಿಪಿಯಲ್ಲಿ ಅರ್ಧವು ದೊರೆಯದಿದ್ದ ಕಾಲದಲ್ಲಿ ನಮ್ಮ ಕಾಗುಣಿತ ಒತ್ತಕ್ಷರಗಳ ಮಾತೆಲ್ಲಿ? ಎರಡನೆಯದಾಗಿ, ಹಾರ್ಟನು ಪುಸ್ತಕಕ್ಕೆ ಬೀಗವನ್ನು ಹಾಕಲಿಲ್ಲ. ನಮ್ಮ ದಾನಚಿಂತಾಮಣಿ ಅತ್ತಿಮಬ್ಬೆಯು ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣವನ್ನು ಓಲೆಗಳ ಮೇಲೆ 1000 ಪ್ರತಿಗಳಾಗಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಷ್ಟೆ. ಓಲೆಯ ಕಟ್ಟು ಕೈಸೇರಿದವನು ಅದನ್ನು ನೋಡಿ ಮತ್ತೊಂದು ಪ್ರತಿಯನ್ನು ಬರೆದುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ದೇಶಕಾಲಗಳು ಬೇರೆಯಾದರೂ ಆ ಅಮ್ಮನ ಕಾರ್ಯವೂ ಈ ವಿದ್ಯಾರ್ಥಿಯ ಕಾರ್ಯವೂ ಒಂದೇ ಜಾತಿಯವೆಂದು ನನಗೆ ತೋರುತ್ತದೆ.

ಪುಸ್ತಕವೇನೋ ಆಯಿತು, ಓದುವುದು ಯಾತರ ಮೇಲೆ? ಕಂಪ್ಯೂಟರಿನ ತೆರೆಯು ದೀಪದಂತೆ ತಾನೇ ಬೆಳಗುವ ವಸ್ತು. ದೀಪವನ್ನು ದಿಟ್ಟಿಸಿ ನೋಡುತ್ತ ಕಾದಂಬರಿಯನ್ನು ಓದಿದರೆ ಕಣ್ಣು ಬೇಗನೆ ದಣಿಯುತ್ತದೆ. ಕಾಗದವೂ ತಾಳೆಗರಿಯೂ ಹಾಗಲ್ಲ. ಅವು ಹೊರಗಿನ ಬೆಳಕನ್ನೇ ಹಿಂದಿರುಗಿಸುತ್ತವೆ. ಈ ಗುಣವನ್ನು ಯಂತ್ರಕ್ಕೆ ತರಬೇಕೆಂದು 1970ರ ದಶಕದಲ್ಲಿ ಝೆರಾಕ್ಸ್ ಸಂಸ್ಥೆಯ ನಿಕ್ ಶೆರಿಡನ್ ಎಂಬವರು ಒಂದು ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲು ಬಿಳುಪಾದ ಅತಿಸೂಕ್ಷ್ಮ ಗುಂಡುಗಳ ಹಾಳೆಯನ್ನು ಮಾಡಿ ನೋಡಿದರು. ಅದು ಮನೆಗಳಿಗೆ ಬರಲಿಲ್ಲ. ಬಂದುದು ಮಸಾಚುಸೆಟ್ಸಿನ ಎಂಐಟಿ ವಿದ್ಯಾಲಯದಲ್ಲಿ ಜೋಸೆಫ್ ಜೇಕಬ್‌ಸನ್ ಎಂಬ ಅಧ್ಯಾಪಕರೂ ಅವರ ವಿದ್ಯಾರ್ಥಿಗಳಾದ ಬ್ಯಾರೆಟ್ ಕಾಮಿಸ್ಕಿ, ಜೆ. ಡಿ. ಆಲ್ಬರ್ಟ್ ಎಂಬವರೂ ಕಂಡುಹಿಡಿದ ವಿದ್ಯುತ್-ಶಾಯಿ. 1997ರಲ್ಲಿ ಇವರ ಪ್ರಯತ್ನದಿಂದ ಇ-ಇಂಕ್ ಎಂಬ ಕಂಪನಿಯು ಸ್ಥಾಪಿತವಾಯಿತು.

ಈ ಶಾಯಿಯ ಮರ್ಮವನ್ನು ಎರಡು ಮಾತಿನಲ್ಲಿ ಹೇಳಬಹುದು. ಕೂದಲೆಳೆಯಷ್ಟು ಅಗಲದ ಲಕ್ಷಾಂತರ ಕೋಶಗಳು. ಪ್ರತಿಯೊಂದರಲ್ಲಿಯೂ ತಿಳಿದ್ರವ, ಅದರಲ್ಲಿ ತೇಲುವ ಬಿಳಿಯ ಮತ್ತು ಕರಿಯ ಕಣಗಳು. ಬಿಳಿಯವುಗಳಿಗೆ ಒಂದು ವಿದ್ಯುದಂಶ, ಕರಿಯವುಗಳಿಗೆ ಅದರ ವಿರುದ್ಧಾಂಶ. ಹಿಂದಿನಿಂದ ವಿದ್ಯುತ್ತನ್ನು ಹಾಯಿಸಿದಾಗ ಕರಿಯ ಕಣಗಳು ಮೇಲೆ ಬಂದ ಕಡೆ ಅಕ್ಷರವೂ, ಬಿಳಿಯವು ಬಂದ ಕಡೆ ಕಾಗದವೂ ಆಗುತ್ತದೆ. ಒಮ್ಮೆ ಪುಟವು ಮೂಡಿದ ಮೇಲೆ ಅದನ್ನು ನಿಲ್ಲಿಸಿಕೊಳ್ಳಲು ವಿದ್ಯುತ್ತೇ ಬೇಡ. ಪುಟವನ್ನು ಮಗುಚುವಾಗ ಮಾತ್ರ ಬೇಕು. ಆದುದರಿಂದಲೇ ಈ ಯಂತ್ರಗಳನ್ನು ಒಮ್ಮೆ ಚಾರ್ಜು ಮಾಡಿದರೆ ಕೆಲವು ವಾರಗಳವರೆಗೆ ಓದಬಹುದು. 2012ರಿಂದೀಚೆಗೆ ಪ್ರಚಾರಕ್ಕೆ ಬಂದ ದೀಪವುಳ್ಳ ಯಂತ್ರಗಳಲ್ಲಿಯೂ ಬೆಳಕು ಅಂಚಿನಿಂದ ಪುಟದ ಮೇಲೆ ಬೀಳುವುದೇ ಹೊರತು ಹಿಂದಿನಿಂದ ಕಣ್ಣಿಗೆ ಹೊಡೆಯುವುದಿಲ್ಲ. ಪೊರೆ ತೆಗೆಸಿಕೊಂಡವರಿಗೆ ಇದೊಂದು ದೊಡ್ಡ ಉಪಕಾರವೆಂದು ಸ್ವಾನುಭವದಿಂದ ಹೇಳಬಲ್ಲೆನು.

ಈ ಶಾಯಿಯಿಂದ ಮಾಡಿ ಮಾರಿದ ಮೊದಲನೆಯ ಇ-ರೀಡರು 2004ರಲ್ಲಿ ಜಪಾನಿನಲ್ಲಿ ಸೋನಿ ಕಂಪನಿಯು ಹೊರತಂದ ಲಿಬ್ರಿಯೆ. ತೆರೆಯು ಸೊಗಸಾಗಿತ್ತು, ಆದರೂ ಅದು ಜನಪ್ರಿಯವಾಗಲಿಲ್ಲ. ಅದಕ್ಕೆಂದು ಪಡೆದ ಪುಸ್ತಕಗಳು 60 ದಿನಗಳಾದ ಮೇಲೆ ತಾವಾಗಿಯೇ ತೆರೆಯದಂತಾಗುತ್ತಿದ್ದುವು. ಹಣ ತೆತ್ತವನು ಒಡೆಯನೆಂದುಕೊಂಡಿದ್ದರೆ, ವಾಸ್ತವವಾಗಿ ಬಾಡಿಗೆದಾರನಾಗಿದ್ದನು. 2007ರ ನವೆಂಬರಿನಲ್ಲಿ ಅಮೆಜಾನ್ ಕಂಪನಿಯು ಕಿಂಡಲ್ ಎಂಬುದನ್ನು 399 ಡಾಲರುಗಳಿಗೆ ಮಾರತೊಡಗಿ, ಮೊದಲ ದಾಸ್ತಾನೆಲ್ಲವೂ ಆರು ಗಂಟೆಗಳೊಳಗಾಗಿ ತೀರಿಹೋಯಿತು. ಕುಳಿತಲ್ಲಿಯೇ ತಂತಿಯಿಲ್ಲದೆ ಪುಸ್ತಕವನ್ನು ತರಿಸಿಕೊಳ್ಳಬಹುದಾಗಿದ್ದುದೇ ಅದರ ಆಕರ್ಷಣೆ. ತರಿಸಿಕೊಳ್ಳಬಹುದಾದ ದಾರಿಯಲ್ಲಿಯೇ ಹಿಂದಕ್ಕೆ ಸೆಳೆದುಕೊಳ್ಳಲೂ ಬಹುದೆಂದು ಆಗ ಯಾರೂ ಯೋಚಿಸಿರಲಿಲ್ಲ.

ಅದು ತಿಳಿದುದು 2009ರ ಜುಲೈ ತಿಂಗಳಿನಲ್ಲಿ. ಜಾರ್ಜ್ ಆರ್ವೆಲ್ಲನ ಎರಡು ಕಾದಂಬರಿಗಳನ್ನು, ಹಕ್ಕಿಲ್ಲದ ಪ್ರಕಾಶಕನೊಬ್ಬನು ಆ ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದನು. ವಿಷಯವು ಗೊತ್ತಾದೊಡನೆ ಕಂಪನಿಯು ಕೊಂಡವರ ಹಣವನ್ನು ಹಿಂದಿರುಗಿಸಿ, ಅವರ ಮನೆಗಳಲ್ಲಿದ್ದ ಯಂತ್ರಗಳೊಳಗಿನಿಂದಲೇ ಆ ಪುಸ್ತಕಗಳನ್ನು ಅಳಿಸಿಹಾಕಿತು. ಆ ಎರಡರಲ್ಲಿ ಒಂದು, ಸರ್ಕಾರವು ಹಳೆಯ ಕಾಗದಪತ್ರಗಳನ್ನು ಸುಟ್ಟು ಚರಿತ್ರೆಯನ್ನು ತಿದ್ದುವ ಕಥೆಯಾದ '1984' ಎಂಬುದು ವಿಧಿಯ ಹಾಸ್ಯವೆಂದೇ ಹೇಳಬೇಕು. ಒಬ್ಬ ವಿದ್ಯಾರ್ಥಿಯು ಶಾಲೆಯ ಪಾಠಕ್ಕಾಗಿ ಬರೆದುಕೊಂಡಿದ್ದ ಟಿಪ್ಪಣಿಗಳು ಪುಸ್ತಕದೊಡನೆಯೇ ನಿಷ್ಪ್ರಯೋಜಕವಾದುವೆಂದು ನ್ಯಾಯಾಲಯಕ್ಕೆ ಹೋದನು. ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆಯನ್ನು ಬೇಡಿದರು. ಕಂಪನಿಯ ಪಕ್ಷದಲ್ಲಿಯೂ ಒಂದು ನ್ಯಾಯವುಂಟು: ಕದ್ದ ಮಾಲನ್ನು ಹಿಂದಕ್ಕೆ ಪಡೆಯುವುದು ತಪ್ಪಲ್ಲ. ಆದರೆ ಅಚ್ಚಾದ ಪುಸ್ತಕವಾಗಿದ್ದರೆ, ಅದಕ್ಕಾಗಿ ರಾತ್ರಿ ಯಾರೂ ನಮ್ಮ ಮನೆಯ ಬೀರುವನ್ನು ತೆರೆಯುತ್ತಿರಲಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿದಾಗ, ಅಲ್ಲಿ ಕೊಂಡಿದ್ದ ಪುಸ್ತಕಗಳೆಲ್ಲವೂ ತೆರೆಯದಂತಾದುವು. ಹಣವು ಮಾತ್ರ ಹಿಂದಿರುಗಿತು. 2025ರ ಫೆಬ್ರುವರಿಯಲ್ಲಿ ಅಮೆಜಾನ್ ಕಂಪನಿಯು, ಕೊಂಡ ಕಿಂಡಲ್ ಪುಸ್ತಕದ ಪ್ರತಿಯನ್ನು ತನ್ನ ತಾಣದಿಂದ ಸ್ವಂತ ಕಂಪ್ಯೂಟರಿಗೆ ಇಳಿಸಿಕೊಂಡು ತಂತಿಯ ಮೂಲಕ ಯಂತ್ರಕ್ಕೆ ದಾಟಿಸುವ ಸೌಕರ್ಯವನ್ನು ತೆಗೆದುಹಾಕಿತು. ಓಲೆಯ ಪ್ರತಿಕಾರರು ಗ್ರಂಥದ ಕೊನೆಯಲ್ಲಿ, ಈ ಪುಸ್ತಕವನ್ನು ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಕಾಪಾಡಿರೆಂದು ಬೇಡಿಕೊಳ್ಳುವ ಪದ್ಧತಿಯಿತ್ತು. ಮಾರಿದವನಿಂದಲೂ ಕಾಪಾಡಿರೆಂದು ಅವರು ಸೇರಿಸುವ ಪ್ರಸಕ್ತಿಯು ಬಂದಿರಲಿಲ್ಲ.

ಇನ್ನು ಅಕ್ಷರದ ವಿಚಾರ. ಕನ್ನಡದವರಿಗೆ ಆಯ್ಕೆಯು ತೊಡಕಾಗುವುದು ಇಲ್ಲಿಯೇ.

1991ರಲ್ಲಿ ಲೋಕದ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ ಯೂನಿಕೋಡ್ ಎಂಬ ಕ್ರಮವು ಪ್ರಕಟವಾದಾಗ ಕನ್ನಡವೂ ಅದರಲ್ಲಿ ಸೇರಿತ್ತು. ಪಂಪ ರನ್ನರ ಹಳಗನ್ನಡಕ್ಕೆ ಬೇಕಾದ ಱ, ೞ ಎಂಬಿವೂ ಉಂಟು. ಆದರೆ ಎರಡನೆಯದಕ್ಕೆ ಆ ಪಟ್ಟಿಯಲ್ಲಿ 'ಫ' ಎಂದು ತಪ್ಪು ಹೆಸರು ಬಿದ್ದಿದೆ! ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿರುವುದರಿಂದ, ತಿದ್ದಿದ ಹೆಸರನ್ನು ಪಕ್ಕದಲ್ಲಿ ಬರೆದು ಸಮಾಧಾನ ಮಾಡಿರುವರು. ಕೇಶಿರಾಜನು ಕಂಡಿದ್ದರೆ ಏನನ್ನುತ್ತಿದ್ದನೋ. ಅದಿರಲಿ. ಸಂಖ್ಯೆಯನ್ನು ಕೊಟ್ಟಮಾತ್ರಕ್ಕೆ ಅಕ್ಷರವು ಸರಿಯಾಗಿ ಮೂಡುವುದಿಲ್ಲ. 'ರಾಷ್ಟ್ರ' ಎಂಬಲ್ಲಿ ಷಕಾರ, ಹಲಂತಚಿಹ್ನೆ, ಟಕಾರ, ಮತ್ತೆ ಹಲಂತಚಿಹ್ನೆ, ರಕಾರ ಎಂದು ಸಾಲಾಗಿ ಸಂಗ್ರಹವಾಗಿರುವುದನ್ನು ಯಂತ್ರವೇ ಒತ್ತುಗಳನ್ನಾಗಿ ಜೋಡಿಸಬೇಕು. 'ಅರ್ಕ' ಎಂಬಲ್ಲಿ ಮೊದಲು ಬರುವ ರೇಫೆಯನ್ನು ಅರ್ಕಾವತ್ತಾಗಿ ಕಕಾರದ ಆಚೆಗೆ ಒಯ್ಯಬೇಕು. ಇದು ವ್ಯಾಕರಣದ ಸಂಧಿಕಾರ್ಯದಂತೆ. ಸೂತ್ರವನ್ನು ಕಲಿಸದ ಹೊರತು ಯಂತ್ರವು ಮಾಡಲಾರದು.

ನಾನು ಮೊದಲು ಕೊಂಡ ಯಂತ್ರಕ್ಕೆ ಈ ಸೂತ್ರವು ತಿಳಿದಿರಲಿಲ್ಲ. ಅಂಗಡಿಯ ಹುಡುಗನು, “ಲಕ್ಷಾಂತರ ಪುಸ್ತಕ ಸಿಗುತ್ತೆ ಸಾರ್” ಎಂದನು. “ಕನ್ನಡದ್ದು?” ಎಂದೆನು. “ಕನ್ನಡಾನೂ ಬರುತ್ತೆ ಸಾರ್” ಎಂದನು. ಸುಳ್ಳನ್ನು ಹೇಳಲಿಲ್ಲ, ಕನ್ನಡವು ಬಂದಿತು. ಮನೆಯಲ್ಲಿ ತೆರೆದು ನೋಡಿದರೆ ರಾಷ್ಟ್ರವು 'ರಾಷ್‌ಟ್‌ರ'ವಾಗಿ ಮೂರು ತುಂಡಾಗಿ ಬಿದ್ದಿತ್ತು. ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದ ಷರತ್ತಿನ ಮೇರೆಗೆ ಅದನ್ನು ಹಿಂದಕ್ಕೆ ಕೊಡುವಂತೆಯೂ ಇರಲಿಲ್ಲ. ಕೊಳ್ಳುವವರು ಅಂಗಡಿಯಲ್ಲಿಯೇ 'ಸ್ತ್ರೀ', 'ಜ್ಞಾನ', 'ಅರ್ಕ', 'ರಾಷ್ಟ್ರ' ಎಂಬ ನಾಲ್ಕು ಶಬ್ದಗಳನ್ನು ತೆರೆಯ ಮೇಲೆ ನೋಡಿದ ಹೊರತು ಹಣವನ್ನು ಎಣಿಸಬಾರದು. ಹಾಗೆಯೇ ತೆರೆಯ ಸಾಂದ್ರತೆಯನ್ನೂ ಕೇಳಬೇಕು. 2007ರ ಕಿಂಡಲಿನಲ್ಲಿ ಅಂಗುಲಕ್ಕೆ 167 ಚುಕ್ಕೆಗಳಿದ್ದುವು. ಈಗ 300 ಇರುವುವು ಸಾಮಾನ್ಯ. ಇಂಗ್ಲಿಷಿಗೆ ಮೊದಲಿನದೂ ಸಾಕಾಗುತ್ತಿತ್ತು. ಅಕ್ಷರದ ಕೆಳಗೆ ಇನ್ನೊಂದು ಸಣ್ಣ ಅಕ್ಷರವನ್ನು ಹೊರುವ ನಮ್ಮ ಲಿಪಿಗೆ 300ಕ್ಕಿಂತ ಕಡಮೆಯಾದುದು ಸಾಲದೆಂದು ನನ್ನ ಮತ.

ಯಂತ್ರವು ಅಕ್ಷರವನ್ನು ಬಲ್ಲುದಾದರೂ ಅಂಗಡಿಯಲ್ಲಿ ಪುಸ್ತಕವಿರಬೇಕಷ್ಟೆ. 2016ರ ಕೊನೆಯಲ್ಲಿ ಕಿಂಡಲಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾಷೆಗಳ ಪುಸ್ತಕಗಳನ್ನು ಸೇರಿಸಿದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಇದರಿಂದಾಗಿ ನಮ್ಮ ಪ್ರಕಾಶಕರೂ ತರುಣರೂ ಫೋನಿನಲ್ಲಿ ಓದುವ ಕನ್ನಡ ಆ್ಯಪುಗಳ ದಾರಿಯನ್ನು ಹಿಡಿದರು. ಹೊಸ ಕಾದಂಬರಿಗಳನ್ನು ಓದಬಯಸುವವರು, ಆ್ಯಪುಗಳನ್ನು ಹಾಕಿಕೊಳ್ಳಲು ಬರುವ ಆಂಡ್ರಾಯ್ಡ್ ವ್ಯವಸ್ಥೆಯ ಇ-ಇಂಕ್ ಯಂತ್ರವನ್ನೇ ಆರಿಸಬೇಕಾಗುವುದು. ಫೋನೇ ಸಾಕಲ್ಲವೆ ಎನ್ನುವವರಿಗೆ ನನ್ನ ಉತ್ತರವಿಷ್ಟೆ: ಓದುತ್ತಿರುವಾಗ ನಡುವೆ ಕೂಗಿ ಕರೆಯುವ ಪುಸ್ತಕವು ವಿರಾಮವಾಚನಕ್ಕೆ ತಕ್ಕುದಲ್ಲ.

ಆದರೆ ನನ್ನಂಥವರು ಓದಬಯಸುವುದು ಹೊಸದನ್ನಲ್ಲ. ನಮ್ಮ ದೇಶದ ಕಾನೂನಿನ ಪ್ರಕಾರ ಗ್ರಂಥಕರ್ತನು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಗಳಾದ ಮೇಲೆ ಅವನ ಕೃತಿಗಳು ಸರ್ವರ ಸೊತ್ತಾಗುತ್ತವೆ. ಬಿ. ವೆಂಕಟಾಚಾರ್ಯ, ಕೆರೂರು ವಾಸುದೇವಾಚಾರ್ಯ, ಎಂ. ಎಸ್. ಪುಟ್ಟಣ್ಣ, ಪಂಜೆ ಮಂಗೇಶರಾವ್, ಗಳಗನಾಥ, 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯ ಮತ್ತು ಕೈಲಾಸಂ, ಇವರ ಬರೆಹಗಳೆಲ್ಲವೂ ಈ ವರ್ಗಕ್ಕೆ ಸೇರಿದುವು. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಕಾರ್ಯದಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಪುಟಪುಟವಾಗಿ ಸ್ಕ್ಯಾನ್ ಮಾಡಲ್ಪಟ್ಟು, ಈಗ ಇಂಟರ್‌ನೆಟ್ ಆರ್ಕೈವಿನಲ್ಲಿ ಉಚಿತವಾಗಿ ದೊರೆಯುತ್ತವೆ. ಇವಕ್ಕೆ ಬೀಗವಿಲ್ಲ, ಇಳಿಸಿಕೊಂಡರೆ ನಮ್ಮವು. ಪುಟದ ಚಿತ್ರವೇ ಆದುದರಿಂದ ಒತ್ತಕ್ಷರವು ಮುರಿಯುವ ಭಯವೂ ಇಲ್ಲ.

ತೊಡಕು ಬೇರೊಂದಿದೆ. ಚಿತ್ರದಲ್ಲಿರುವ ಅಕ್ಷರವನ್ನು ದೊಡ್ಡದು ಮಾಡಿದರೆ ಸಾಲು ತೆರೆಯಿಂದಾಚೆಗೆ ಹೋಗುತ್ತದೆ. ಡೆಮಿ ಅಷ್ಟಕ ಆಕಾರದ ಪುಟವು ಸುಮಾರು ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಉದ್ದ. ಎಲ್ಲರೂ ಕೊಳ್ಳುವ ಆರು ಅಂಗುಲದ ಯಂತ್ರವೆಂದರೆ ಮೂಲೆಯಿಂದ ಮೂಲೆಗೆ ಆರು ಅಂಗುಲ; ಅದರ ತೆರೆಯ ಅಗಲವು 3.6, ಉದ್ದವು 4.8 ಅಂಗುಲ ಮಾತ್ರ. ಆ ಪುಟವನ್ನು ಅದರಲ್ಲಿ ಅಡಗಿಸಿದರೆ ಅಕ್ಷರವು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಾಗಿ ಉಳಿಯುತ್ತದೆ. ಕಣ್ಣು ಮಂದವಾದುದಕ್ಕೆ ಕೊಂಡ ಯಂತ್ರವು ಅಕ್ಷರವನ್ನು ಇನ್ನೂ ಸಣ್ಣದು ಮಾಡಿದರೆ ಪ್ರಯೋಜನವೇನು? 10.3 ಅಂಗುಲದ ಯಂತ್ರದಲ್ಲಿಯಾದರೋ ತೆರೆಯು 6.2ಕ್ಕೆ 8.2 ಅಂಗುಲವಾಗಿ, ಪುಟವು ಹೆಚ್ಚುಕಡಮೆ ಅಚ್ಚಾದ ಅಳತೆಯಲ್ಲಿಯೇ ಕಾಣುವುದು. ಖಾಲಿ ಅಂಚನ್ನು ಕತ್ತರಿಸಿದರೆ ಅದಕ್ಕಿಂತ ದೊಡ್ಡದಾಗಿಯೂ ಮಾಡಬಹುದು. ಇಂಗ್ಲಿಷ್ ಓದುಗರಿಗೆ ಹೇಳುವ ಸಲಹೆಯು ಕನ್ನಡದವರಿಗೆ ಸಲ್ಲದಿರುವುದಕ್ಕೆ ಇದೇ ಮುಖ್ಯಕಾರಣ. ದೊಡ್ಡ ಯಂತ್ರಕ್ಕೆ ಬೆಲೆ ಎರಡು ಮೂರು ಪಟ್ಟಾಗುವುದು. ತೂಕವೂ ಸುಮಾರು 400 ಗ್ರಾಂ ಇರುವುದರಿಂದ ಮಲಗಿಕೊಂಡು ಒಂದೇ ಕೈಯಲ್ಲಿ ಹಿಡಿಯಲಾಗದು. ನಾನು ಹಳೆಯ ವ್ಯಾಸಪೀಠವನ್ನು ಅಟ್ಟದಿಂದ ಇಳಿಸಿ ಅದರ ಮೇಲಿಟ್ಟುಕೊಂಡಿದ್ದೇನೆ.

ಎರಡನೆಯ ಸಲ ವಿಚಾರ ಮಾಡಿ ಕೊಂಡ ಆ ಯಂತ್ರದಲ್ಲಿ ಮೊದಲು ತೆರೆದುದು ವೆಂಕಟಾಚಾರ್ಯರ ಒಂದು ಕಾದಂಬರಿಯನ್ನು. ನನ್ನ ಅಜ್ಜಿಯು ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಕುಳಿತು ಓದುತ್ತಿದ್ದುದು ಈ ಪುಸ್ತಕವನ್ನೇ. ಅವಳ ಪ್ರತಿಯು ಗೆದ್ದಲಿಗೆ ಆಹುತಿಯಾಗಿ ಎಷ್ಟೋ ವರ್ಷಗಳಾದುವು. ತೆರೆಯ ಮೇಲೆ ಮೊದಲು ಕಂಡುದು ಯಾವುದೋ ಪುಸ್ತಕಾಲಯದ ದುಂಡಗಿನ ಮುದ್ರೆ. ಮುಂದಿನ ಪುಟಗಳಲ್ಲಿ ಯಾರೋ ಪೆನ್ಸಿಲಿನಿಂದ ಎಳೆದ ಅಡಿಗೆರೆಗಳು. ನಡುವೆ ಹುಳು ಕೊರೆದ ಒಂದು ತೂತು, ಹತ್ತಾರು ಪುಟಗಳವರೆಗೆ ಒಂದೇ ಜಾಗದಲ್ಲಿ. ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು, “ತಾತ, ಇಲ್ಲೇನೋ ಕೊಳೆ ಕೂತಿದೆ” ಎಂದು ಲಂಗದ ತುದಿಯಿಂದ ಅದನ್ನು ಒರೆಸಿದಳು. ಪುಟವು ಮಗುಚಿಕೊಂಡು ಮುಂದಿನದು ಬಂದಿತು. ತೂತು ಅಲ್ಲಿಯೂ ಇತ್ತು.