ನೀರಾವರಿ ನಿಯಂತ್ರಣದ ರೇಡಿಯೊ ಬೇಸ್ ಸ್ಟೇಷನ್

ನೀರಾವರಿ ನಿಯಂತ್ರಣದ ರೇಡಿಯೊ ಬೇಸ್ ಸ್ಟೇಷನ್: ಹಲವು ಕಿಲೋಮೀಟರ್ ಹರಡಿಕೊಂಡ ತೋಟ, ಉದ್ಯಾನ, ಕಾಲುವೆಗಳ ವಾಲ್ವು ಮತ್ತು ಪಂಪುಗಳಿಗೆ ಒಂದೇ ಕಡೆಯಿಂದ ರೇಡಿಯೊ ಮೂಲಕ ಆಜ್ಞೆ ಕಳಿಸಿ, ನೀರಿನ ಒತ್ತಡ, ಹರಿವು, ದೋಷಗಳ ವರದಿಯನ್ನು ಮರಳಿ ಪಡೆಯುವ ಕೇಂದ್ರ. ಕಂಪ್ಯೂಟರು, ಮೋಡೆಮ್, ರೇಡಿಯೊ, ಕೇಬಲ್, ಆಂಟೆನಾ, ಬ್ಯಾಟರಿ ಇದರ ಅಂಗಗಳು. ಆಚೆ ತುದಿಯಲ್ಲಿ, ವಾಲ್ವಿನ ಪಕ್ಕದ ಪೆಟ್ಟಿಗೆಯೊಳಗೆ, ಆಜ್ಞೆ ಪಾಲಿಸುವ ರಿಮೋಟ್ ಟರ್ಮಿನಲ್ ಯೂನಿಟ್, ಅಂದರೆ ಆರ್‌ಟಿಯು ಇರುತ್ತದೆ.

ಇಂಥ ಕೇಂದ್ರವನ್ನು ಹೊಂದಿಸುವವರಿಗೆ ಎದುರಾಗುವ ತೊಡಕುಗಳೆಲ್ಲ ಕತಾರಿನ ಮೆಸಯೀದ್‌ನಂಥ ಊರಿನಲ್ಲಿ ಒಟ್ಟಿಗೇ ಸಿಗುತ್ತವೆ. ದೋಹಾದಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ, ಪೂರ್ವ ಕರಾವಳಿಯಲ್ಲಿರುವ ಈ ಊರಿಗೆ ಹಿಂದೆ ಉಮ್ ಸಯೀದ್ ಎಂಬ ಹೆಸರಿತ್ತು. ದುಖಾನ್ ತೈಲಕ್ಷೇತ್ರದ ಕಚ್ಚಾತೈಲ 1949ರಲ್ಲಿ ಮೊದಲ ಬಾರಿಗೆ ಹಡಗು ಹತ್ತಿದ್ದು ಇಲ್ಲಿಂದಲೇ. ರಸಗೊಬ್ಬರ, ಉಕ್ಕು, ಪೆಟ್ರೊಕೆಮಿಕಲ್ ಕಾರ್ಖಾನೆಗಳು ಒಂದೊಂದಾಗಿ ಬಂದವು. ಕತಾಲಮ್ ಅಲ್ಯೂಮಿನಿಯಂ ಕಾರ್ಖಾನೆ 2010ರಲ್ಲಿ ಉದ್ಘಾಟನೆಯಾಯಿತು. ದೇಶದ ವಾರ್ಷಿಕ ಮಳೆ 80 ಮಿ.ಮೀ. ಆಸುಪಾಸು, ನದಿ ಒಂದೂ ಇಲ್ಲ. ರಸ್ತೆ ಬದಿಯ ಮರಗಳೂ ಹುಲ್ಲುಹಾಸೂ ಕೊಳವೆ ನೀರಿನಿಂದಲೇ ಬದುಕಬೇಕು, ಕತಾರ್ ಇದಕ್ಕೆ ಸಂಸ್ಕರಿಸಿದ ಕೊಳಚೆ ನೀರನ್ನು ಬಳಸುತ್ತದೆ. ವಾಲ್ವು ತೆರೆಯದೇ ಹೋದರೆ ನಾಳೆ ಮಳೆ ಬಂದೀತು ಎಂದು ಕಾಯುವ ಹಾಗಿಲ್ಲ.

ಮೊದಲ ಕೆಲಸ ಪರವಾನಗಿ. ಕತಾರಿನಲ್ಲಿ ತರಂಗಾಂತರವನ್ನು ಹಂಚುವುದು ಸಂವಹನ ನಿಯಂತ್ರಣ ಪ್ರಾಧಿಕಾರ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು 1 ವಾಟ್ ಮೀರದ ಸಾಧನಗಳಿಗೆ 2005ರಲ್ಲೇ ಪರವಾನಗಿಯಿಲ್ಲದೆ ಬಿಟ್ಟುಕೊಟ್ಟರು. ಆದರೆ ಒಂದು ದೇಶದ ಸಡಿಲಿಕೆ ಇನ್ನೊಂದು ದೇಶದಲ್ಲಿ ನಡೆಯುವುದಿಲ್ಲ. ಊರಲ್ಲಿ ಚೆನ್ನಾಗಿ ಓಡಿದ ಸೆಟ್ಟನ್ನು ಹಾಗೇ ಒಯ್ದು ಅಲ್ಲಿ ಹಚ್ಚುವುದು ಅಪರಾಧವಾದೀತು.

ಆಂಟೆನಾದ ಎತ್ತರಕ್ಕೆ ಒಂದು ಸರಳ ಲೆಕ್ಕವಿದೆ. ಮೀಟರಿನಲ್ಲಿ ಅಳೆದ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. ಬೇಸ್ ಸ್ಟೇಷನ್ನಿನ ಕಂಬ 20 ಮೀಟರ್, ಆರ್‌ಟಿಯುವಿನ ಆಂಟೆನಾ 2 ಮೀಟರ್ ಎತ್ತರದಲ್ಲಿದ್ದರೆ ಎರಡರ ದಿಗಂತವೂ ಕೂಡಿ ಬಯಲಿನಲ್ಲಿ ಸುಮಾರು 24 ಕಿ.ಮೀ. ಮುಟ್ಟಬಹುದು. ಮೆಸಯೀದ್‌ನ ನೆಲ ಹೆಚ್ಚುಕಡಿಮೆ ಸಪಾಟು, ಅಷ್ಟರಮಟ್ಟಿಗೆ ಅನುಕೂಲ. ಟ್ಯಾಂಕು, ಚಿಮಣಿ, ಪೈಪ್‌ರ‍್ಯಾಕುಗಳ ಲೋಹದ ಗೋಡೆ ಆ ಲೆಕ್ಕವನ್ನು ಕೆಡಿಸುತ್ತದೆ, ಆದ್ದರಿಂದ ಪ್ರತಿ ಪೆಟ್ಟಿಗೆಯ ಜಾಗದಲ್ಲೂ ಸಿಗ್ನಲ್ ಅಳೆದೇ ನೋಡಬೇಕು. ಹವೆಯ ಏರುಪೇರಿಗೆಂದು 20 ಡೆಸಿಬಲ್‌ನಷ್ಟು ಮಿಗುವರಿ ಇಟ್ಟುಕೊಳ್ಳುವುದು ವಾಡಿಕೆ. ಅದು ಸಾಲದೆ ಬಂದಾಗ ರೇಡಿಯೊದ ಪವರ್ ಏರಿಸುವುದು ಸೋಮಾರಿ ಮದ್ದು. ಮೊದಲು ಕೇಬಲ್ ನೋಡಬೇಕು: ತೆಳ್ಳನೆಯ ಆರ್‌ಜಿ-58 ಕೇಬಲನ್ನು 20 ಮೀಟರ್ ಎಳೆದರೆ, 450 ಮೆಗಾಹರ್ಟ್ಸ್ ಸುಮಾರಿನಲ್ಲಿ, ರೇಡಿಯೊ ಕೊಟ್ಟ 5 ವಾಟ್‌ನಲ್ಲಿ ಆಂಟೆನಾಕ್ಕೆ ತಲುಪುವುದು ಒಂದು ವಾಟ್ ಮಾತ್ರ. ಕಡಲ ಉಪ್ಪುಗಾಳಿ ಹೊಕ್ಕು ಕನೆಕ್ಟರು ಹಸಿರುಗಟ್ಟಿದರೆ ಅದೂ ಇಲ್ಲ.

ಕತಾರನ್ನು ಸುತ್ತಿದ ಕೊಲ್ಲಿಯ ವಿಶೇಷ ತೊಂದರೆ ಬೇರೆಯೇ ಇದೆ. ಬೇಸಿಗೆಯಲ್ಲಿ ಮರುಭೂಮಿಯ ಬಿಸಿ ಒಣಗಾಳಿ ಕಡಲ ಮೇಲಿನ ತೇವದ ಗಾಳಿಯ ಮೇಲೆ ಹರಡಿಕೊಂಡಾಗ, ರೇಡಿಯೊ ಅಲೆಗಳು ಆ ಪದರದೊಳಗೆ ಸಿಕ್ಕಿ ನೀರಿನ ಮೇಲೆಯೇ ನೂರಾರು ಕಿ.ಮೀ. ಸಾಗುತ್ತವೆ. ಡಕ್ಟಿಂಗ್ ಎಂದು ಕರೆಯುವ ಈ ವಿದ್ಯಮಾನ ಜಗತ್ತಿನಲ್ಲೇ ಬಲವಾಗಿ ಕಾಣುವ ತಾಣಗಳಲ್ಲಿ ಈ ಕೊಲ್ಲಿಯೂ ಒಂದು. ಕಡಲಾಚೆಯ ಯಾವುದೋ ಟ್ಯಾಕ್ಸಿ ಕಂಪನಿಯ ಮಾತು ನಮ್ಮ ಚಾನಲಿನಲ್ಲಿ ಕೇಳಿಸಬಹುದು. ಚಾನಲ್ ಖಾಲಿಯಿದ್ದಾಗ ಮಾತ್ರ ಮಾತಾಡು ಎಂದು ಹೊಂದಿಸಿದ ರೇಡಿಯೊ ಆಗ ಸರದಿಗಾಗಿ ಕಾಯುತ್ತ ರಾತ್ರಿಯಿಡೀ ಸುಮ್ಮನಿದ್ದುಬಿಡುತ್ತದೆ, ಹಾಗಾಗಿ ಕಾಯುವ ಹೊತ್ತಿಗೆ ಒಂದು ಮಿತಿ ಹಾಕಲೇಬೇಕು. ಗೊತ್ತುಪಡಿಸಿದ ಟೋನ್ ಇಲ್ಲದ ಸದ್ದನ್ನು ತಡೆಯುವ ಟೋನ್ ಸ್ಕ್ವೆಲ್ಚ್ ಹಾಕಿದರೆ ಪರಕೀಯ ಸದ್ದು ಕಿವಿಗೆ ಬೀಳುವುದಿಲ್ಲ, ಅಷ್ಟೇ. ಚಾನಲಿನಲ್ಲಿ ಅದು ಇದ್ದೇ ಇರುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಬೇಸ್ ಸ್ಟೇಷನ್ನನ್ನು ಕಡಲ ಬದಿಗಿಟ್ಟು, ಒಂದೇ ದಿಕ್ಕಿಗೆ ಗುರಿಯಿಡುವ ಯಾಗಿ ಆಂಟೆನಾದ ಮುಖವನ್ನು ಪಶ್ಚಿಮಕ್ಕೆ, ಒಳನಾಡಿನತ್ತ ತಿರುಗಿಸಿ, ಬೆನ್ನನ್ನು ಕಡಲಿಗೆ ಕೊಡುವುದು. ಜನವರಿಯ ಹಗಲಿನಲ್ಲಿ ಪರೀಕ್ಷೆ ಮಾಡಿ ಸಹಿ ಹಾಕಿಸಿಕೊಂಡ ವ್ಯವಸ್ಥೆ ಜುಲೈ ರಾತ್ರಿಗೆ ನಿಲ್ಲುತ್ತದೆಂಬ ಖಾತರಿ ಇಲ್ಲ. ನೀರು ಬಿಡುವುದು ಸಾಮಾನ್ಯವಾಗಿ ರಾತ್ರಿಯೇ.

ಸಾಫ್ಟ್‌ವೇರಿನಲ್ಲಿ ಹೆಚ್ಚು ಕಾಡುವುದು ಒಂದು ಸಣ್ಣ ಅಂಕಿ, ಪ್ರಸಾರದ ಮುಂಚಿನ ವಿಳಂಬ. ರೇಡಿಯೊ ಪ್ರಸಾರಕ್ಕೆ ಬಂದು, ಎದುರಿನ ಸೆಟ್ಟು ಟೋನನ್ನು ಗುರುತಿಸಿ, ಸ್ಕ್ವೆಲ್ಚ್ ತೆರೆಯಲು ಸೆಕೆಂಡಿನ ಒಂದು ಪಾಲು ಬೇಕು. ಅದಕ್ಕೆ ಮೊದಲೇ ದತ್ತಾಂಶ ಹೊರಟರೆ ಸಂದೇಶದ ತಲೆಯೇ ಹಾರಿಹೋಗುತ್ತದೆ. ಅಳತೆಯಲ್ಲಿ ಸಿಗ್ನಲ್ ಗಟ್ಟಿಯಾಗಿದೆ, ಉತ್ತರ ಮಾತ್ರ ಬರುತ್ತಿಲ್ಲ ಎಂಬ ದೂರಿಗೆ ಹಲವು ಸಲ ಕಾರಣ ಇದೇ. ಒಂದೇ ವಿಳಾಸ ಎರಡು ಆರ್‌ಟಿಯುಗಳಿಗೆ ಇರಬಾರದು. ಮಾಡ್‌ಬಸ್ ಎಂಬ ಸಂವಹನ ಪದ್ಧತಿಯಲ್ಲಿ 1ರಿಂದ 247ರವರೆಗೆ ವಿಳಾಸ ಕೊಡಬಹುದು.

ವಾಲ್ವನ್ನು ತಿರುಗಿಸುವ ಲ್ಯಾಚಿಂಗ್ ಸೊಲೆನಾಯ್ಡ್ ತೆರೆಯಲು ಒಂದು ವಿದ್ಯುತ್ ಸ್ಪಂದ, ಮುಚ್ಚಲು ಇನ್ನೊಂದು ಸ್ಪಂದ ಬೇಡುತ್ತದೆ. ‘ತೆರೆ’ ಎಂದ ಮೇಲೆ ರೇಡಿಯೊ ಸತ್ತರೆ ನೀರು ಹರಿಯುತ್ತಲೇ ಇರುತ್ತದೆ. ಆದ್ದರಿಂದ ಆಜ್ಞೆ ‘ತೆರೆ’ ಎಂದಿರಬಾರದು, ‘20 ನಿಮಿಷ ತೆರೆ’ ಎಂದಿರಬೇಕು. ಮುಚ್ಚುವ ಹೊಣೆ ಆರ್‌ಟಿಯುವಿನದು. ಸಂಪರ್ಕ ಕಡಿದರೆ ತನ್ನಲ್ಲೇ ಉಳಿಸಿಕೊಂಡ ವೇಳಾಪಟ್ಟಿಯಂತೆ ಅದು ನೀರು ಬಿಡಬೇಕು.

ಕರ್ನಾಟಕದಲ್ಲಿ ದೂರನಿಯಂತ್ರಣದ ದೊಡ್ಡ ಪ್ರಯೋಗ ನಡೆದಿರುವುದು ಕೃಷ್ಣಾ ಕಣಿವೆಯಲ್ಲಿ. ದೂರದಿಂದಲೇ ಗಮನಿಸಿ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆಯೊಂದಿಗೆ ಆಧುನಿಕಗೊಂಡ ನಾರಾಯಣಪುರ ಎಡದಂಡೆ ಕಾಲುವೆಯನ್ನು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟಿಸಲಾಯಿತು. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಅಲ್ಲಿ ಗೇಟು ತಪ್ಪಾಗಿ ತೆರೆದರೆ ಕೊನೆಯಂಚಿನ ರೈತನಿಗೆ ನೀರಿಲ್ಲ, ಮೆಸಯೀದ್‌ನಂಥಲ್ಲಿ ವಾಲ್ವು ತೆರೆಯದಿದ್ದರೆ ಮರವಿಲ್ಲ.

ಕೆಲಸ ಮುಗಿದ ಮೇಲೆ ಚಾನಲ್, ಟೋನ್, ವಿಳಂಬ, ವಿಳಾಸಗಳ ಅಚ್ಚು ಮಾಡಿದ ಒಂದು ಪ್ರತಿಯನ್ನು ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸುವುದು ರೂಢಿ. ಕೆಟ್ಟ ರೇಡಿಯೊ ಬದಲಿಸಲು ಬರುವವರು ಬಹುಪಾಲು ಅದನ್ನು ಮೊದಲು ಹೊಂದಿಸಿದವರಾಗಿರುವುದಿಲ್ಲ.