ಸ್ಟೀರಾಯ್ಡ್ ಇಳಿಸುವ ಕ್ರಮ: ಆಟೋಇಮ್ಯೂನ್ ಹೆಪಟೈಟಿಸ್ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ಅಧ್ಯಯನ

ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಯಕೃತ್ತಿನ ಜೀವಕೋಶಗಳ ಮೇಲೆ ತಿರುಗಿಬೀಳುವ ಕಾಯಿಲೆಗೆ ಆಟೋಇಮ್ಯೂನ್ ಹೆಪಟೈಟಿಸ್ ಎಂದು ಹೆಸರು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಏಳು ದಶಕಗಳಿಂದ ಇದರ ಮೊದಲ ಮದ್ದು ಸ್ಟೀರಾಯ್ಡ್. ಈ ಮದ್ದು ಸಾಯಲಿದ್ದವರನ್ನು ಉಳಿಸಿದ ಕಥೆಯನ್ನು ಬಹಳ ಜನ ಬರೆದಿದ್ದಾರೆ. ಹಾಗೆ ಉಳಿದವರು ಅದೇ ಮದ್ದಿನಿಂದ ಹೊರಬರುವ ದಾರಿ ಹೇಗೆ ರೂಪುಗೊಂಡಿತು ಎಂಬುದು ಮಾತ್ರ ಚದುರಿಹೋಗಿದೆ. ಅರ್ಧ ಹಾರ್ಮೋನ್ ತಜ್ಞರ ಪತ್ರಿಕೆಗಳಲ್ಲಿದೆ, ಇನ್ನರ್ಧ ಯಕೃತ್ತಿನ ತಜ್ಞರ ಪತ್ರಿಕೆಗಳಲ್ಲಿದೆ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಡೋಸನ್ನು ಮೆಲ್ಲಗೆ ಇಳಿಸಬೇಕು ಎನ್ನುವುದಕ್ಕೆ ಇರುವುದು ಒಂದಲ್ಲ, ಎರಡು ಕಾರಣ. ಒಂದು ಅಡ್ರೀನಲ್ ಗ್ರಂಥಿಯದು, ಇನ್ನೊಂದು ಯಕೃತ್ತಿನದು. ಎರಡರ ಕಾಲಮಾನ ಬೇರೆ, ಎರಡನ್ನೂ ಅಳೆಯುವ ಪರೀಕ್ಷೆ ಬೇರೆ. ಇವೆರಡನ್ನು ಒಂದೇ ಎಂದು ಎಣಿಸಿದಲ್ಲೆಲ್ಲ ರೋಗಿಗಳಿಗೆ ತೊಂದರೆಯಾಗಿದೆ.

ಅಡ್ರೀನಲ್ ಗ್ರಂಥಿಯ ವಿಚಾರ ಮದ್ದಿಗಿಂತಲೂ ಹಳೆಯದು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡ್ವೈಟ್ ಇಂಗಲ್ ಮತ್ತು ಎಡ್ವರ್ಡ್ ಕೆಂಡಾಲ್ 1937ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು: ಅಡ್ರೀನಲ್ ರಸವನ್ನು ಹೊರಗಿನಿಂದ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಇಲಿಯ ಸ್ವಂತ ಅಡ್ರೀನಲ್ ಗ್ರಂಥಿ ಕುಗ್ಗಿಹೋಗುತ್ತದೆ. ಅದೇ ಕೆಂಡಾಲ್ ಬೇರ್ಪಡಿಸಿದ್ದ ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಅದೇ ಮೇಯೋದಲ್ಲಿ ಫಿಲಿಪ್ ಹೆಂಚ್ 1948ರ ಸೆಪ್ಟೆಂಬರ್‌ನಲ್ಲಿ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಂಗಸೊಬ್ಬಳಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. ಮದ್ದು ನಿಲ್ಲಿಸಿದರೆ ನೋವು ಹಿಂತಿರುಗುತ್ತದೆ ಎಂಬುದೂ 1949ರ ಮೊದಲ ವರದಿಗಳಲ್ಲೇ ಇದೆ. 1950ರಲ್ಲಿ ಕೆಂಡಾಲ್, ಹೆಂಚ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಇಲಿಯಲ್ಲಿ ಹನ್ನೊಂದು ವರ್ಷ ಮೊದಲೇ ಕಂಡದ್ದನ್ನು ಮನುಷ್ಯರ ಚಿಕಿತ್ಸೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲು ಸಾವುಗಳು ಬೇಕಾದವು. 1952ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಫ್ರೇಸರ್ ಮತ್ತು ಸಂಗಡಿಗರು, ತಿಂಗಳುಗಟ್ಟಲೆ ಕಾರ್ಟಿಸೋನ್ ತೆಗೆದುಕೊಂಡಿದ್ದ ಯುವಕನೊಬ್ಬ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯ ಬೆನ್ನಿಗೇ ರಕ್ತದೊತ್ತಡ ಕುಸಿದು ತೀರಿಕೊಂಡದ್ದನ್ನು ವರದಿ ಮಾಡಿದರು. ಮರಣೋತ್ತರ ಪರೀಕ್ಷೆಯಲ್ಲಿ ಅವನ ಅಡ್ರೀನಲ್ ಗ್ರಂಥಿಗಳು ಸೊರಗಿದ್ದವು.

ಸೊರಗಿದ ಗ್ರಂಥಿ ಚೇತರಿಸಿಕೊಳ್ಳಲು ಎಷ್ಟು ಕಾಲ ಬೇಕು? ಇದಕ್ಕೆ ಒಳ್ಳೆಯ ಉತ್ತರ ಬಂದದ್ದು 1965ರಲ್ಲಿ, ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಗ್ರಾಂಟ್ ಲಿಡಲ್ ತಂಡದಿಂದ. ಗ್ರೇಬರ್ ಮೊದಲ ಹೆಸರಾಗಿರುವ ಆ ಲೇಖನ ಇಂದಿಗೂ ಓದಬೇಕಾದದ್ದು. ದೀರ್ಘಕಾಲ ಸ್ಟೀರಾಯ್ಡಿಗೆ ಒಳಗಾಗಿದ್ದವರನ್ನು ಅವರು ತಿಂಗಳು ತಿಂಗಳು ಪರೀಕ್ಷಿಸಿದರು. ಮೊದಲ ತಿಂಗಳು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯೂ ಸುಮ್ಮನಿರುತ್ತದೆ, ಅಡ್ರೀನಲ್ ಕೂಡ ಸುಮ್ಮನಿರುತ್ತದೆ. ಎರಡರಿಂದ ಐದನೆಯ ತಿಂಗಳಿನ ಹೊತ್ತಿಗೆ ಪಿಟ್ಯುಟರಿ ಎಚ್ಚೆತ್ತು, ಎಸಿಟಿಎಚ್ ಎಂಬ ಹಾರ್ಮೋನನ್ನು ಮಾಮೂಲಿಗಿಂತ ಹೆಚ್ಚಾಗಿಯೇ ಸುರಿಸುತ್ತದೆ. ಅಡ್ರೀನಲ್ ಇನ್ನೂ ಓಗೊಡುವುದಿಲ್ಲ. ಎರಡೂ ಸರಿಯಾಗಿ ಹೊಂದಿಕೊಳ್ಳಲು ಒಂಬತ್ತು ತಿಂಗಳೇ ಹಿಡಿಯುತ್ತದೆ. ಮದ್ದು ಬಿಟ್ಟ ಮೇಲೂ ತಿಂಗಳುಗಟ್ಟಲೆ ಜ್ವರ, ಅಪಘಾತ, ಶಸ್ತ್ರಚಿಕಿತ್ಸೆಗಳು ಏಕೆ ಅಪಾಯಕಾರಿ ಎಂಬುದು ಇಲ್ಲಿಂದ ತಿಳಿಯಿತು.

ಯಕೃತ್ತಿನ ಕಥೆ ಇದೇ ಹೊತ್ತಿಗೆ ಬೇರೆ ಊರುಗಳಲ್ಲಿ ನಡೆಯುತ್ತಿತ್ತು. ಸ್ವೀಡನ್ನಿನ ಯಾನ್ ವಾಲ್ಡೆನ್‌ಸ್ಟ್ರಮ್ 1950ರಲ್ಲಿ, ರಕ್ತದಲ್ಲಿ ಗ್ಯಾಮಾಗ್ಲಾಬ್ಯುಲಿನ್ ವಿಪರೀತವಾಗಿ ಏರಿದ್ದ, ಕಾಮಾಲೆ ಬಿಟ್ಟೂ ಬಿಡದೆ ಕಾಡುತ್ತಿದ್ದ ಎಳೆಯ ಹೆಂಗಸರ ಯಕೃತ್ತಿನ ಕಾಯಿಲೆಯನ್ನು ವಿವರಿಸಿದರು. ಎಸಿಟಿಎಚ್ ಕೊಟ್ಟಾಗ ಅದು ತಗ್ಗಿದ್ದನ್ನೂ ಗುರುತಿಸಿದರು. 1955ರಲ್ಲಿ ಮೆಲ್ಬರ್ನ್‌ನ ಜೋಸ್ಕ್ ಮತ್ತು ಕಿಂಗ್ ಇಂಥ ರೋಗಿಗಳ ರಕ್ತದಲ್ಲಿ ಲೂಪಸ್ ಕಾಯಿಲೆಯ ಗುರುತಾಗಿದ್ದ ಎಲ್‌ಇ ಕೋಶಗಳನ್ನು ಕಂಡರು. ಮರುವರ್ಷ ಅದೇ ನಗರದ ಇಯಾನ್ ಮೆಕೇ ಮತ್ತು ಸಂಗಡಿಗರು ‘ಲೂಪಾಯ್ಡ್ ಹೆಪಟೈಟಿಸ್’ ಎಂಬ ಹೆಸರು ಕೊಟ್ಟರು, 1965ರಲ್ಲಿ ಮೆಕೇ ಅದನ್ನು ‘ಆಟೋಇಮ್ಯೂನ್ ಹೆಪಟೈಟಿಸ್’ ಎಂದು ಬದಲಿಸಿದರು. ದೇಹ ತನ್ನನ್ನೇ ಹೊಡೆಯುತ್ತದೆ ಎಂಬ ಮಾತನ್ನು ಆಗ ಎಲ್ಲರೂ ಒಪ್ಪುತ್ತಿರಲಿಲ್ಲ. ಹೆಪಟೈಟಿಸ್-ಬಿ ಪರೀಕ್ಷೆ ಆಗಿನ್ನೂ ಆಸ್ಪತ್ರೆಗಳಿಗೆ ಬಂದಿರಲಿಲ್ಲ, ಹೆಪಟೈಟಿಸ್-ಸಿ ವೈರಸ್ ಗುರುತಾದದ್ದು 1989ರಲ್ಲಿ. ಹೀಗಾಗಿ ಆ ಕಾಲದ ಅಧ್ಯಯನಗಳಲ್ಲಿ ವೈರಸ್ ರೋಗಿಗಳೂ ಬೆರೆತಿರಬಹುದು. ಅಂಕಿಗಳನ್ನು ಓದುವಾಗ ಇದನ್ನು ಮರೆಯಬಾರದು.

1955ರಲ್ಲಿ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಮಾರುಕಟ್ಟೆಗೆ ಬಂದ ಮೇಲೆ ಮಾತ್ರೆ ನುಂಗಿ ದೀರ್ಘಕಾಲ ಚಿಕಿತ್ಸೆ ಪಡೆಯುವುದು ಸುಲಭವಾಯಿತು. ಅದರಿಂದ ನಿಜಕ್ಕೂ ಜೀವ ಉಳಿಯುತ್ತದೆಯೇ ಎಂದು ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಶೀಲಾ ಶೆರ್ಲಾಕ್ ಅವರ ತಂಡ ಪರೀಕ್ಷೆಗಿಟ್ಟಿತು. 1971ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿದ್ದವರು 49 ಮಂದಿ. ದಿನಕ್ಕೆ 15 ಮಿ.ಗ್ರಾಂ ಪ್ರೆಡ್ನಿಸೊಲೋನ್ ಪಡೆದ 22 ಮಂದಿಯಲ್ಲಿ 3 ಜನ ತೀರಿಕೊಂಡರು. ಪಡೆಯದ 27 ಮಂದಿಯಲ್ಲಿ 15 ಜನ. ಮರುವರ್ಷ ಮೇಯೋದ ಸೊಲೊವೇ, ಸಮರ್‌ಸ್ಕಿಲ್ ಮತ್ತಿತರರು 63 ರೋಗಿಗಳ ಪ್ರಯೋಗದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪ್ರೆಡ್ನಿಸೋನನ್ನು ಒಂಟಿಯಾಗಿಯೋ, ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಅಝಥಯೊಪ್ರಿನ್ ಜೊತೆಗೋ ಪಡೆದವರಲ್ಲಿ ಸಾವು ಶೇ. 6, ಹುಸಿಮಾತ್ರೆ ಪಡೆದವರಲ್ಲಿ ಶೇ. 41. ಅಝಥಯೊಪ್ರಿನ್ ಒಂದನ್ನೇ ಪಡೆದವರ ಸ್ಥಿತಿ ಹುಸಿಮಾತ್ರೆಯವರಿಗಿಂತ ಹೆಚ್ಚೇನೂ ಉತ್ತಮವಾಗಿರಲಿಲ್ಲ: ಶೇ. 36. ಈ ಕೊನೆಯ ಅಂಕಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಈ ಪ್ರಯೋಗಗಳು ಕೇಳಿದ ಪ್ರಶ್ನೆ ‘ಶುರು ಮಾಡಬೇಕೇ?’ ಎಂಬುದು. ಅದಕ್ಕೆ ಉತ್ತರ ಎಷ್ಟು ನಿಚ್ಚಳವಾಗಿತ್ತೆಂದರೆ, ಮದ್ದಿಲ್ಲದ ಗುಂಪನ್ನು ಇಟ್ಟುಕೊಂಡು ಇನ್ನೊಂದು ಪ್ರಯೋಗ ಮಾಡುವುದು ನೈತಿಕವಾಗಿ ಕಷ್ಟವಾಯಿತು. ಡೋಸ್ ಇಳಿಸುವ ವೇಳಾಪಟ್ಟಿ ಮಾತ್ರ ಪ್ರಯೋಗದ ಉಪಉತ್ಪನ್ನವಾಗಿ ಹುಟ್ಟಿತು. ಮೇಯೋ ಕ್ರಮದಲ್ಲಿ ಪ್ರೆಡ್ನಿಸೋನ್ ಒಂದೇ ಇದ್ದರೆ ಮೊದಲ ವಾರ 60 ಮಿ.ಗ್ರಾಂ, ಎರಡನೆಯ ವಾರ 40, ಮುಂದಿನ ಎರಡು ವಾರ 30, ಆಮೇಲೆ 20. ಅಝಥಯೊಪ್ರಿನ್ 50 ಮಿ.ಗ್ರಾಂ ಜೊತೆಗಿದ್ದರೆ 30ರಿಂದ ಹೊರಟು 10ಕ್ಕೆ ಇಳಿಯುವುದು. ಸಂಶೋಧಕರು ತಮ್ಮ ಅನುಭವದಿಂದ ಹಾಕಿಕೊಂಡ ಈ ಮೆಟ್ಟಿಲುಗಳು ಪಠ್ಯಪುಸ್ತಕಕ್ಕೆ ಹತ್ತಿ ದಶಕಗಳ ಕಾಲ ಅಲ್ಲೇ ಉಳಿದವು. ದಿನ ಬಿಟ್ಟು ದಿನ ಮದ್ದು ಕೊಟ್ಟರೆ ಅಡ್ರೀನಲ್ ಗ್ರಂಥಿಗೆ ಬಿಡುವು ಸಿಗುತ್ತದೆ ಎಂಬ ಆಸೆ 1960ರ ದಶಕದಲ್ಲಿ ಹುಟ್ಟಿತ್ತು. ಸಮರ್‌ಸ್ಕಿಲ್ ತಂಡ 1975ರಲ್ಲಿ ತೋರಿಸಿದಂತೆ, ಹಾಗೆ ಕೊಟ್ಟಾಗ ರಕ್ತದ ಅಂಕಿಗಳು ಇಳಿದರೂ ಬಯಾಪ್ಸಿಯಲ್ಲಿ ಉರಿಯೂತ ಅಷ್ಟಾಗಿ ಆರುತ್ತಿರಲಿಲ್ಲ. ಗ್ರಂಥಿಗೆ ಹಿತವಾದದ್ದು ಯಕೃತ್ತಿಗೆ ಸಾಕಾಗಲಿಲ್ಲ.

ನಿಲ್ಲಿಸುವ ಪ್ರಶ್ನೆಯ ತೂಕ ತಿಳಿದದ್ದು ನಿಲ್ಲಿಸಿ ನೋಡಿದಾಗ. 1983ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಹೆಗರ್ಟಿ ಮತ್ತು ಸಂಗಡಿಗರು, ಚೆನ್ನಾಗಿ ಶಮನಗೊಂಡಿದ್ದ 30 ಜನರ ಮದ್ದು ನಿಲ್ಲಿಸಿದಾಗ 26 ಜನರಲ್ಲಿ ಕಾಯಿಲೆ ಮರುಕಳಿಸಿದ್ದನ್ನು ಪ್ರಕಟಿಸಿದರು. ಮೇಯೋದ ಆಲ್ಬರ್ಟ್ ಜಾಯಾ ಅವರ ಅಧ್ಯಯನಗಳು ಇದಕ್ಕೊಂದು ಕಾರಣ ಹೇಳಿದವು. ನಮ್ಮ ಲ್ಯಾಬ್ ವರದಿಗಳಲ್ಲಿ ಎಸ್‌ಜಿಪಿಟಿ ಎಂದು ಬರುವ ಕಿಣ್ವ ಮಾಮೂಲಿಗೆ ಇಳಿದ ಮೇಲೂ, ಯಕೃತ್ತಿನ ಒಳಗಿನ ಉರಿಯೂತ ಆರಲು ಮತ್ತೆ 3ರಿಂದ 8 ತಿಂಗಳು ಬೇಕು. ಕಾಗದದ ಮೇಲಿನ ಅಂಕಿ ನೋಡಿ ಮದ್ದು ಬಿಟ್ಟವರು ಬೆಂಕಿ ಆರುವ ಮೊದಲೇ ಬಿಟ್ಟಿರುತ್ತಿದ್ದರು.

ಬಿಡದೆ ಮುಂದುವರಿಸುವುದೂ ಸುಲಭವಾಗಿರಲಿಲ್ಲ. ಎರಡು ವರ್ಷ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಸುಮಾರು ಶೇ. 80ರಷ್ಟು ಮಂದಿಗೆ ಮುಖ ಗುಂಡಗಾಗುವುದು, ಮೊಡವೆ, ತೂಕ ಏರುವುದು, ಬೇಡದ ಕಡೆ ಕೂದಲು ಬೆಳೆಯುವುದು ಇವುಗಳಲ್ಲಿ ಯಾವುದಾದರೂ ಕಾಣಿಸುತ್ತದೆ. ಬೆನ್ನುಮೂಳೆ ಟೊಳ್ಳಾಗುವುದು, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ ಇದಕ್ಕೆ ಮೇಲಿನವು. ಇಪ್ಪತ್ತರ ಹರೆಯದ ಹುಡುಗಿ ಕನ್ನಡಿಯಲ್ಲಿ ತನ್ನ ಗುರುತು ತನಗೇ ಸಿಗದೆ ಮಾತ್ರೆ ಬಿಟ್ಟುಬಿಟ್ಟರೆ ಅದನ್ನು ‘ರೋಗಿಯ ಅಶಿಸ್ತು’ ಎಂದು ಕೇಸ್ ಶೀಟಿನಲ್ಲಿ ಬರೆಯುವುದು ಅನ್ಯಾಯ. ಆಕೆಗೆ ಬೇಕಾಗಿದ್ದದ್ದು ಇನ್ನೊಂದು ದಾರಿ.

ಆ ದಾರಿ ಹಳೆಯ ಸೋಲಿನಲ್ಲೇ ಇತ್ತು. 1972ರಲ್ಲಿ ಒಂಟಿಯಾಗಿ ಕೈಕೊಟ್ಟಿದ್ದ ಅಝಥಯೊಪ್ರಿನನ್ನು ಕಿಂಗ್ಸ್ ಕಾಲೇಜಿನ ಜಾನ್ಸನ್, ಮೆಕ್‌ಫಾರ್ಲೇನ್ ಮತ್ತು ರೋಜರ್ ವಿಲಿಯಮ್ಸ್ ಬೇರೆ ಕೆಲಸಕ್ಕೆ ಹಚ್ಚಿದರು. ಕಾಯಿಲೆಯನ್ನು ಹತೋಟಿಗೆ ತರಲು ಸ್ಟೀರಾಯ್ಡ್. ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ಹತೋಟಿಯಲ್ಲಿದ್ದ ಮೇಲೆ ಅಝಥಯೊಪ್ರಿನನ್ನು ಕಿಲೋ ತೂಕಕ್ಕೆ 2 ಮಿ.ಗ್ರಾಂಗೆ ಏರಿಸಿ, ಸ್ಟೀರಾಯ್ಡನ್ನು ಮೆಲ್ಲಗೆ ತೆಗೆದುಹಾಕುವುದು. 1995ರ ವರದಿಯ ಪ್ರಕಾರ 72 ರೋಗಿಗಳಲ್ಲಿ 60 ಮಂದಿ ವರ್ಷಗಳ ಕಾಲ ನೆಮ್ಮದಿಯಾಗಿದ್ದರು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವ ತಿರುವು ಇದು. ಸ್ಟೀರಾಯ್ಡ್ ಬಿಡುವುದೂ ಚಿಕಿತ್ಸೆ ಬಿಡುವುದೂ ಬೇರೆಬೇರೆ ಎಂದು ಅಂಕಿಗಳಿಂದ ತೋರಿಸಿದ್ದು ಈ ಅಧ್ಯಯನ.

ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ, ಅದರ ಕಡೆ ಗಮನ ಹರಿಯುವುದು ಕಡಿಮೆ. ಸ್ಟೀರಾಯ್ಡ್ ತೆಗೆದ ಮೇಲೆ 38 ಮಂದಿಗೆ, ಎಂದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ, ಕೀಲುನೋವು ಬಂತು. ಸ್ಟೀರಾಯ್ಡ್ ಇಳಿಸುವಾಗ ಮೈಕೈ ನೋವು, ಸುಸ್ತು, ವಾಕರಿಕೆ, ಮಂಕು ಬರುವುದನ್ನು ಅಮೆರಿಕದ ಅಮಾಟ್ರೂಡಾ ಮತ್ತು ಸಂಗಡಿಗರು 1960ರ ದಶಕದಲ್ಲೇ ವಿವರಿಸಿದ್ದರು. ಅಡ್ರೀನಲ್ ಕೆಲಸ ಮಾಡದಿದ್ದರೂ ಸುಸ್ತು ಬರುತ್ತದೆ. ಯಕೃತ್ತಿನ ಕಾಯಿಲೆ ಮರುಕಳಿಸಿದರೂ ಸುಸ್ತು, ಕೀಲುನೋವು ಬರುತ್ತವೆ. ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದವಳಿಗೆ ಈ ಮೂರರಲ್ಲಿ ಯಾವುದೆಂದು ತಾನಾಗಿ ತಿಳಿಯುವ ಉಪಾಯವೇ ಇಲ್ಲ. ಎಸ್‌ಜಿಪಿಟಿ ಮತ್ತು ಐಜಿಜಿ ಎಂಬ ಪ್ರತಿಕಾಯದ ಮಟ್ಟ ಯಕೃತ್ತಿನ ಸ್ಥಿತಿ ಹೇಳುತ್ತವೆ, ಬೆಳಿಗ್ಗೆ ಎಂಟರ ಸುಮಾರಿಗೆ ತೆಗೆದ ರಕ್ತದ ಕಾರ್ಟಿಸಾಲ್ ಅಡ್ರೀನಲ್ ಸ್ಥಿತಿ ಹೇಳುತ್ತದೆ. ಎರಡೂ ಸರಿಯಿದ್ದರೆ ಅದು ಬಿಡುವ ಸಂಕಟ, ಕಾಲಕ್ರಮದಲ್ಲಿ ಹೋಗುವಂಥದ್ದು. ಮೊದಲ ಪರೀಕ್ಷೆಯನ್ನಷ್ಟೇ ಮಾಡಿಸಿ ‘ಎಲ್ಲ ನಾರ್ಮಲ್ ಇದೆಯಮ್ಮಾ’ ಎಂದು ಕಳಿಸಿದರೆ ಆಕೆಯ ಅರ್ಧ ಪ್ರಶ್ನೆಗೆ ಉತ್ತರವೇ ಸಿಕ್ಕಿರುವುದಿಲ್ಲ.

ಮಾತ್ರೆಯ ಲೆಕ್ಕವನ್ನು ಹತ್ತಿರದಿಂದ ನೋಡಿದರೆ ಯಕೃತ್ತು, ಅಡ್ರೀನಲ್ ಎರಡರ ವ್ಯತ್ಯಾಸ ಇನ್ನೂ ಸ್ಪಷ್ಟ. 40 ಮಿ.ಗ್ರಾಂ ತೆಗೆದುಕೊಳ್ಳುವವರು 2.5 ಮಿ.ಗ್ರಾಂ ಇಳಿಸಿದರೆ ಹೋಗುವುದು ಹದಿನಾರನೆಯ ಒಂದು ಪಾಲು. 5 ಮಿ.ಗ್ರಾಂ ಮಾತ್ರೆಯನ್ನು ನಡುವಿನ ಗೆರೆಯ ಮೇಲೆ ಮುರಿದು ಅರ್ಧ ತೆಗೆದಿಟ್ಟರೆ ಅದೇ 2.5 ಇಡೀ ಡೋಸಿನ ಅರ್ಧ. ಆರೋಗ್ಯವಂತ ದೇಹ ದಿನಕ್ಕೆ ತಯಾರಿಸುವ ಕಾರ್ಟಿಸಾಲ್ ಸರಿಸುಮಾರು 4ರಿಂದ 6 ಮಿ.ಗ್ರಾಂ ಪ್ರೆಡ್ನಿಸೊಲೋನಿಗೆ ಸಮ. ಅದಕ್ಕಿಂತ ಮೇಲಿರುವಷ್ಟು ಕಾಲ ಇಳಿಕೆಯ ವೇಗ ಕಾಯಿಲೆಯ ಮೇಲೆ ನಿಂತಿದೆ. ಅಲ್ಲಿಂದ ಕೆಳಗೆ ಅಡ್ರೀನಲ್ ಮೇಲೆ. ಯುರೋಪ್ ಮತ್ತು ಅಮೆರಿಕದ ಹಾರ್ಮೋನ್ ತಜ್ಞರ ಸಂಘಗಳು 2024ರಲ್ಲಿ ಒಟ್ಟಾಗಿ ಹೊರಡಿಸಿದ ಮಾರ್ಗಸೂಚಿ ಈ ಗಡಿಯನ್ನು ಬಿಡಿಸಿ ಹೇಳಿದೆ: ಬೆಳಗಿನ ಕಾರ್ಟಿಸಾಲ್ ಡೆಸಿಲೀಟರಿಗೆ 10 ಮೈಕ್ರೊಗ್ರಾಂಗಿಂತ ಹೆಚ್ಚಿದ್ದರೆ ಗ್ರಂಥಿ ಚೇತರಿಸಿದೆ, 5ಕ್ಕಿಂತ ಕಡಿಮೆಯಿದ್ದರೆ ಆ ಡೋಸಿನಲ್ಲೇ ಮುಂದುವರಿದು ಕೆಲವು ತಿಂಗಳ ನಂತರ ಮತ್ತೆ ನೋಡಬೇಕು.

ಎಲ್ಲ ಮದ್ದನ್ನೂ ನಿಲ್ಲಿಸಬಹುದೇ ಎಂಬುದು ಬೇರೆಯೇ ಪ್ರಶ್ನೆ. ನೆದರ್‌ಲೆಂಡಿನ ವ್ಯಾನ್ ಗೆರ್ವೆನ್ ಮತ್ತು ಸಂಗಡಿಗರ 2013ರ ಅಧ್ಯಯನದಲ್ಲಿ ಒಂದು ವರ್ಷದೊಳಗೆ ಶೇ. 59, ಮೂರು ವರ್ಷದೊಳಗೆ ಶೇ. 81 ಮಂದಿಗೆ ಕಾಯಿಲೆ ಮರಳಿತು. 2015ರಲ್ಲಿ ಹ್ಯಾಂಬರ್ಗ್ ತಂಡ ಇನ್ನೂ ಬಿಗಿಯಾಗಿ ಆರಿಸಿಕೊಂಡ 28 ಜನರಲ್ಲಿ ಪ್ರಯತ್ನಿಸಿತು: ಒಂದೇ ಮದ್ದಿನ ಮೇಲೆ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಪೂರ್ಣ ಶಮನದಲ್ಲಿದ್ದವರು ಇವರು. 15 ಮಂದಿ ಮದ್ದಿಲ್ಲದೆ ಉಳಿದರು. ಎಸ್‌ಜಿಪಿಟಿ ಮಾಮೂಲಿ ಮಿತಿಯ ಅರ್ಧಕ್ಕಿಂತ ಕೆಳಗೆ, ಐಜಿಜಿ ಲೀಟರಿಗೆ 12 ಗ್ರಾಂಗಿಂತ ಕೆಳಗೆ ಇದ್ದವರಿಗೆ ಅವಕಾಶ ಹೆಚ್ಚಿತ್ತು. ‘ನಾರ್ಮಲ್’ ಎಂಬ ಒಂದು ಗೆರೆ ಸಾಲದು, ಅದರೊಳಗೂ ಕೆಳಮಟ್ಟದಲ್ಲಿರಬೇಕು ಎಂಬುದು ಇದರ ತಾತ್ಪರ್ಯ.

ನಮ್ಮಲ್ಲಿ ಈ ಚರಿತ್ರೆಗೆ ಎರಡು ಸಂಗತಿ ಕೂಡಿಕೊಳ್ಳುತ್ತವೆ. ಕಾಮಾಲೆ ಬಂದರೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂದಿಗೂ ಮೊದಲು ಹೋಗುವುದು ನೆಲನೆಲ್ಲಿಯ ನಾಟಿ ಮದ್ದು ಕೊಡುವವರ ಬಳಿಗೆ. ಆಟೋಇಮ್ಯೂನ್ ಹೆಪಟೈಟಿಸ್ ತಾನಾಗಿಯೇ ಏರಿ ಇಳಿಯುವ ಸ್ವಭಾವದ್ದು. ಇಳಿದಾಗ ವಾಸಿಯಾಯಿತೆಂಬ ನಂಬಿಕೆ ಬಲಿಯುತ್ತದೆ, ಆಸ್ಪತ್ರೆಯ ಮಾತ್ರೆ ಒಂದೇಟಿಗೆ ನಿಲ್ಲುತ್ತದೆ. ಹೀಗೆ ನಿಂತಾಗ ಯಕೃತ್ತು, ಅಡ್ರೀನಲ್ ಎರಡೂ ಒಟ್ಟಿಗೆ ಅಪಾಯಕ್ಕೆ ಸಿಗುತ್ತವೆ. ಎರಡನೆಯದು ಅಝಥಯೊಪ್ರಿನ್‌ಗೆ ಸಂಬಂಧಿಸಿದ್ದು. ಅದನ್ನು ತಾಳಲಾರದವರನ್ನು ಗುರುತಿಸಲು ಪಶ್ಚಿಮದಲ್ಲಿ ಟಿಪಿಎಂಟಿ ಎಂಬ ಕಿಣ್ವದ ಪರೀಕ್ಷೆ ರೂಢಿಗೆ ಬಂತು. 2014ರಲ್ಲಿ ಕೊರಿಯಾದ ಸಂಶೋಧಕರು ನುಡ್ಟ್-15 ಎಂಬ ವಂಶವಾಹಿಯ ಬದಲಾವಣೆಯನ್ನು ಗುರುತಿಸಿದರು. ಭಾರತೀಯರಲ್ಲಿ ಟಿಪಿಎಂಟಿ ದೋಷಕ್ಕಿಂತ ಇದು ಹೆಚ್ಚು. ಇದಿರುವವರಿಗೆ ಲಂಡನ್ನಿನ 2 ಮಿ.ಗ್ರಾಂ ಲೆಕ್ಕವನ್ನು ಹಾಗೇ ಅನ್ವಯಿಸಿದರೆ ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯಬಹುದು. ಹಾಗಾಗಿ ಇಲ್ಲಿ ಸ್ಟೀರಾಯ್ಡ್ ಇಳಿಸಲು ಹೊರಡುವ ಮೊದಲೇ, ಅದರ ಜಾಗಕ್ಕೆ ಬರುವ ಮದ್ದನ್ನು ಈ ರೋಗಿ ತಾಳಬಲ್ಲಳೇ ಎಂದು ವಂಶವಾಹಿ ಪರೀಕ್ಷೆಯಿಂದಲೋ, ಸಣ್ಣ ಡೋಸಿನಿಂದ ಶುರುಮಾಡಿ ಮೊದಲ ವಾರಗಳಲ್ಲಿ ಪದೇಪದೇ ರಕ್ತಕಣಗಳನ್ನು ಎಣಿಸಿಯೋ ಖಚಿತಪಡಿಸಿಕೊಳ್ಳಬೇಕಾಗುತ್ತದೆ.